ಬಾಯಿ ಕಟ್ಟಿದ ಎಂಜಿನ್

ಇಕ್ಕಳದ ತುದಿಗೆ ಸಿಕ್ಕಿದ್ದು ಬಟ್ಟೆ.

ಬ್ರೇಕ್ ಸಾಹೇಬರು ಎಳೆದರು. ಬರಲಿಲ್ಲ. ಒಂದು ಕಾಲನ್ನು ಗೋಡೆಗೆ ಕೊಟ್ಟು, ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದರು. ಎಂಜಿನ್ನಿನ ಗಂಟಲಿನಿಂದ ಕಪ್ಪಗಿನ ಉಂಡೆಯೊಂದು ಪುಸಕ್ಕನೆ ಹೊರಬಂದು ಅವರ ಮಡಿಲಿಗೆ ಬಿತ್ತು. ನಾಲ್ಕು ಮಡಿಕೆ ಮಾಡಿ, ಎಣ್ಣೆಯಲ್ಲಿ ಅದ್ದಿ, ನಡುವಿಗೆ ತಾಮ್ರದ ತಂತಿ ಬಿಗಿದ ಬಟ್ಟೆ. ಇಲಿ ಗೂಡು ಕಟ್ಟಿದ್ದಲ್ಲ, ಕೆಲಸ ಬಲ್ಲ ಕೈ ಕಟ್ಟಿದ್ದು.

ಸಾಹೇಬರಿಗೆ ಮೊದಲು ಆಗಿದ್ದು ಖುಷಿಯೇ, ಅದನ್ನು ಮುಚ್ಚಿಡುವುದೇಕೆ. ಮೂರು ವಾರದಿಂದ ಈ ಹಳೇ ಗಾಡಿ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಿರಲಿಲ್ಲ. ಟ್ಯಾಂಕ್ ತೊಳೆದಾಗಿತ್ತು, ಪಾಯಿಂಟ್ ಉಜ್ಜಿಯಾಗಿತ್ತು, ಪ್ಲಗ್ಗಿನಲ್ಲಿ ನೀಲಿ ಕಿಡಿ ಚೆನ್ನಾಗಿಯೇ ಹಾರುತ್ತಿತ್ತು. ಕಿಕ್ಕರ್ ಒದ್ದೂ ಒದ್ದೂ ಅರವತ್ತೆರಡರ ಮಂಡಿ ಊದಿಕೊಂಡಿತೇ ಹೊರತು ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಇವತ್ತು ಬೆಳಿಗ್ಗೆ ಕಾರ್ಬುರೇಟರಿನ ಬಾಯಿಗೆ ಅಂಗೈ ಅಡ್ಡ ಇಟ್ಟು, ಇನ್ನೊಂದು ಕೈಯಿಂದ ಕಿಕ್ಕರ್ ಒತ್ತಿ ನೋಡಿದರು. ಅಂಗೈಯನ್ನು ಒಳಕ್ಕೆ ಹೀರಬೇಕಾದ ಎಂಜಿನ್ ಉಸಿರೇ ಎಳೆಯಲಿಲ್ಲ. ಆಗ ಕಾರ್ಬುರೇಟರನ್ನೇ ಬಿಚ್ಚಿದರು.

ಆ ಖುಷಿ ಎಷ್ಟು ಹೊತ್ತು? ನೆಲದ ಮೇಲೆ ಬಿದ್ದಿದ್ದ ಕಾರ್ಬುರೇಟರಿನ ಎರಡು ನಟ್ಟುಗಳನ್ನು ನೋಡುವ ತನಕ.

ಎರಡರ ಮೇಲೂ ಹಳದಿ ಬಣ್ಣದ ಚಕ್ಕೆಗಳು ಅಂಟಿದ್ದವು. ಅರ್ಧ ಗಂಟೆಯ ಹಿಂದೆ ಸ್ಪಾನರ್ ತಿರುಗಿಸಿದಾಗ ಚಿಟ್ ಎಂದು ಒಡೆದಿದ್ದ ಬಣ್ಣ. ಕೆಲಸದ ಆತುರದಲ್ಲಿ ಸಾಹೇಬರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಒಂದು ಚಕ್ಕೆಯನ್ನು ಬೆಳಕಿಗೆ ಹಿಡಿದರು. ಅದರ ಮೇಲೆ ಹೆಬ್ಬೆರಳಿನ ಗೆರೆಗಳಿದ್ದವು. ಅವರದೇ ಹೆಬ್ಬೆರಳು.

ಹನ್ನೊಂದು ವರ್ಷದ ಹಿಂದೆ ಅವರು ಮೋಟಾರು ವಾಹನ ನಿರೀಕ್ಷಕರು. ಬ್ರೇಕ್ ಒತ್ತಿ ಒತ್ತಿ ನೋಡುವ ಕೆಲಸಕ್ಕೆ ಊರು ಕೊಟ್ಟ ಬಿರುದು ಬ್ರೇಕ್ ಸಾಹೇಬರು. ಅಪಘಾತದ ಗಾಡಿಗಳನ್ನು ಪೊಲೀಸ್ ಯಾರ್ಡಿಗೆ ಹೋಗಿ ಪರೀಕ್ಷಿಸಿ ವರದಿ ಬರೆಯಬೇಕಿತ್ತು. ಯಾರ್ಡಿನಲ್ಲಿ ಬಿಡಿಭಾಗಗಳಿಗೆ ಕಾಲು ಬರುತ್ತಿದ್ದವಾದ್ದರಿಂದ ಸಾಹೇಬರು ಒಂದು ಉಪಾಯ ಮಾಡಿಕೊಂಡಿದ್ದರು: ಎಂಜಿನ್ನಿನ ಮುಖ್ಯ ನಟ್ಟುಗಳಿಗೆ ದಪ್ಪಗೆ ಹಳದಿ ಬಣ್ಣ ಮೆತ್ತಿ, ಹಸಿಯಿರುವಾಗಲೇ ಹೆಬ್ಬೆರಳು ಒತ್ತಿಬಿಡುವುದು. ಆಮೇಲೆ ಯಾರೇ ಸ್ಪಾನರ್ ಇಟ್ಟರೂ ಬಣ್ಣ ಒಡೆದು ಕಳ್ಳತನ ಹೇಳಿಬಿಡುತ್ತಿತ್ತು. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಇವತ್ತಿನ ತನಕ ಒಡೆಯದ ಬಣ್ಣ. ಅಂದರೆ, ಅವರು ಬಣ್ಣ ಹಚ್ಚುವ ಮೊದಲೇ ಬಟ್ಟೆ ಒಳಗಿತ್ತು. ಒಳಗೆ ಬಟ್ಟೆ ಇದ್ದರೆ ಗಾಡಿ ಓಡುವ ಮಾತೇ ಇಲ್ಲ.

ಆದರೆ ಇದೇ ಗಾಡಿ ಒಂದು ಶುಕ್ರವಾರ ಸಂಜೆ ಒಬ್ಬ ಮನುಷ್ಯನನ್ನು ಕೊಂದಿತ್ತು. ಬೇಕೆಂದೇ ಮಾಡಿದ ಕೊಲೆ, ಹಾಗಂತ ಕೋರ್ಟು ಹೇಳಿತ್ತು.

ಸತ್ತವನು ನೀರಿನ ಇಲಾಖೆಯ ಓವರ್‌ಸಿಯರ್. ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದವನನ್ನು ಮರದ ಮಿಲ್ಲಿನ ತಿರುವಿನಲ್ಲಿ ಕಪ್ಪು ಮೋಟಾರ್‌ಸೈಕಲ್ಲೊಂದು ಗುದ್ದಿ ಹೋಯಿತು. ಹಾಲಿನವನೊಬ್ಬ ಅದರ ಡುಬು ಡುಬು ಶಬ್ದ ಕೇಳಿದ್ದ. ಆ ಮಾದರಿಯ ಗಾಡಿ ಊರಿನಲ್ಲಿ ಇದ್ದಿದ್ದೇ ಎರಡು. ಒಂದು ಪಂಪ್‌ಹೌಸಿನ ಫಿಟ್ಟರ್‌ದು, ಅವನು ಹಿಂದಿನ ದಿನವಷ್ಟೇ ಹತ್ತು ಜನರೆದುರು ಓವರ್‌ಸಿಯರಿಗೆ "ನಿನ್ನ ಒಂದು ಕೈ ನೋಡ್ಕೋತೀನಿ" ಅಂದಿದ್ದ. ಅವನ ಗಾಡಿಯ ಲೆಗ್ ಗಾರ್ಡ್ ಸೊಟ್ಟಗಾಗಿತ್ತು, ಅದರಲ್ಲಿ ಸೈಕಲ್ಲಿನ ಹಸಿರು ಬಣ್ಣ ಮೆತ್ತಿತ್ತು. ಇನ್ನೊಂದು ಗಾಡಿ ಸಾಹೇಬರ ಸ್ವಂತ ತಮ್ಮನದು. ತಮ್ಮ ಪೈಪ್ ಕಂಟ್ರಾಕ್ಟರ್. ಅವನ ಗಾಡಿಯ ಲೆಗ್ ಗಾರ್ಡ್ ನೆಟ್ಟಗಿತ್ತು, ಪೊಲೀಸರು ಬಿಟ್ಟರು.

"ನನ್ನ ಗಾಡಿ ಒಂದು ತಿಂಗಳಿಂದ ಕೆಟ್ಟು ನಿಂತಿದೆ" ಎಂದು ಫಿಟ್ಟರ್ ಬಾಯಿ ಬಡಿದುಕೊಂಡ. ಅದಕ್ಕೆ ಎದುರಾಗಿ ಇದ್ದಿದ್ದು ಸಾಹೇಬರ ವರದಿಯ ಒಂದೇ ಸಾಲು: ಎಂಜಿನ್ ಚಾಲನೆಯ ಸ್ಥಿತಿಯಲ್ಲಿದೆ.

ಸಾಹೇಬರು ಬಟ್ಟೆಯನ್ನು ಕೈಯಲ್ಲಿ ಹಿಡಿದು ಕೂತೇ ಇದ್ದರು. ಶೆಡ್ಡಿನ ತಗಡಿನ ಮೇಲೆ ಬಿಸಿಲೇರುತ್ತಿತ್ತು. ಫಿಟ್ಟರ್ ಜೈಲಿನಲ್ಲಿ ಕಳೆದ ಹನ್ನೊಂದು ವರ್ಷ ಅಂದರೆ ಎಷ್ಟು ಭಾನುವಾರ ಎಂದು ಮನಸ್ಸು ಸುಮ್ಮನೆ ಗುಣಿಸತೊಡಗಿತು, ನಿಲ್ಲಿಸಲು ಆಗಲಿಲ್ಲ.

"ಏನ್ರೀ, ಟೀ."

ಹೆಂಡತಿ ಲೋಟವನ್ನು ಶೆಡ್ಡಿನ ಹೊರಗಿನ ಮೆಟ್ಟಿಲ ಮೇಲೆ ಇಟ್ಟಳು. ಗಾಡಿ ಬಂದ ದಿನದಿಂದ ಅವಳು ಒಳಗೆ ಕಾಲಿಟ್ಟಿರಲಿಲ್ಲ. ಸೀಮೆಎಣ್ಣೆ ವಾಸನೆಗೆ ತಲೆ ಸುತ್ತುತ್ತದಂತೆ. ಮೂವತ್ತೆಂಟು ವರ್ಷ ಸುತ್ತದ ತಲೆ ಈಗ ಯಾಕೆ ಸುತ್ತುತ್ತದೆ ಎಂದು ಸಾಹೇಬರು ಒಮ್ಮೆ ರೇಗಿಸಿದ್ದರು, ಅವಳು ನಕ್ಕಿರಲಿಲ್ಲ.

"ಮಗ ಫೋನ್ ಮಾಡಿದ್ದ," ಅಂದಳು ಅಲ್ಲಿಂದಲೇ.

"ಏನಂತೆ?"

"ಏನಿಲ್ಲ. ಆ ಗಾಡಿ ಇನ್ನೂ ನಮ್ಮನೇಲೇ ಇದೆಯಾ ಅಂತ ಕೇಳಿದ."

"ಬಂದು ನೋಡ್ಲಿ. ಗಾಡಿ ಅಂದ್ರೆ ಪ್ರಾಣ ಬಿಡ್ತಿದ್ದ, ಈಗ ಸೈಕಲ್ಲೂ ಮುಟ್ಟಲ್ಲ ನಿನ್ನ ಮಗ."

ಅವಳು ಒಳಗೆ ಹೋದಳು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

ಭಾನುವಾರ ಹತ್ತೂವರೆಗೆ ಗೇಟು ತೆಗೆಯುವವಳು ಫಿಟ್ಟರ್‌ನ ಮಗಳು. ಮೂರು ವಾರದ ಹಿಂದೆ ಈ ಗಾಡಿಯನ್ನು ಟೆಂಪೊದಲ್ಲಿ ತಂದು, "ಅಪ್ಪ ಬಿಡುಗಡೆ ಆಗಿ ಬರೋ ಹೊತ್ತಿಗೆ ಇದು ಸ್ಟಾರ್ಟ್ ಆಗ್ಬೇಕು ಸಾರ್. ಹಳೇ ಗಾಡಿ ರಿಪೇರಿಗೆ ನಿಮ್ಮನ್ನ ಬಿಟ್ರೆ ಈ ಊರಲ್ಲಿ ಯಾರಿದ್ದಾರೆ?" ಎಂದು ಕೈಮುಗಿದಿದ್ದಳು. ಅಪ್ಪ ಬರುವುದು ಈ ಬುಧವಾರ. ಸಾಹೇಬರಿಗೆ ಅವತ್ತೇ ಮುಜುಗರವಾಗಿತ್ತು. ಜೈಲಿಗೆ ಕಳಿಸಿದ ಕೈಯಿಂದಲೇ ಗಾಡಿ ರಿಪೇರಿ ಮಾಡಿಸುವ ಈ ಹುಡುಗಿಯ ಮನಸ್ಸು ಎಷ್ಟು ದೊಡ್ಡದು ಎಂದು ಹೆಂಡತಿಯ ಮುಂದೆ ಹೊಗಳಿದ್ದರು ಕೂಡ.

ಚಪ್ಪಲಿಯ ಸದ್ದು ಹತ್ತಿರವಾಯಿತು. ಸಾಹೇಬರ ಕೈ, ಅವರನ್ನು ಕೇಳದೆಯೇ, ಬಟ್ಟೆಯನ್ನು ಅಂಗಿಯ ಜೇಬಿಗೆ ತುರುಕಿತು.

ಅವಳು ಒಳಗೆ ಬಂದಳು. ಇಪ್ಪತ್ತಾರರ ಹುಡುಗಿ, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಕಣ್ಣು ಸೂಕ್ಷ್ಮ. ಬಿಚ್ಚಿಟ್ಟ ಕಾರ್ಬುರೇಟರ್ ನೋಡಿದಳು. ನಟ್ಟುಗಳನ್ನು ನೋಡಿದಳು. ಆಮೇಲೆ ಸಾಹೇಬರ ಜೇಬನ್ನು ನೋಡಿದಳು. ಬಿಳಿ ಅಂಗಿಯ ಮೇಲೆ ಎಣ್ಣೆ ನಿಧಾನವಾಗಿ ಹರಡುತ್ತಿತ್ತು.

"ಸಿಕ್ತಾ ಸಾರ್?"

"ಏನು?"

"ಬಟ್ಟೆ."

ಸಾಹೇಬರ ಕೈ ಜೇಬಿಗೆ ಹೋಯಿತು. "ನಿನಗೆ... ನಿನಗೆ ಗೊತ್ತಿತ್ತಾ?"

"ಹನ್ನೊಂದು ವರ್ಷದಿಂದ." ಅವಳು ಸ್ಟೂಲು ಎಳೆದುಕೊಂಡು ಕೂತಳು. "ಪಂಪ್‌ಹೌಸಲ್ಲಿ ಯಾವ ಮೋಟಾರ್ ನಿಂತ್ರೂ ಅಪ್ಪ ಬಾಯಿ ಕಟ್ಟೋರು. ಇಲಿ, ಧೂಳು ಹೋಗಬಾರ್ದು ಅಂತ. ಗಾಡಿಗೆ ಪಿಸ್ಟನ್ ರಿಂಗ್ ಬರೋದು ತಡ ಆಯ್ತು, ಅದಕ್ಕೂ ಕಟ್ಟಿಟ್ರು. ಕಾರ್ಬುರೇಟರ್ ಕಳೆದುಹೋಗದ ಹಾಗೆ ವಾಪಸ್ ಕೂರಿಸಿದ್ರು. ತೆಗೀರಿ ಸಾರ್, ಜೇಬು ಹಾಳಾಗತ್ತೆ."

ಸಾಹೇಬರು ತೆಗೆದು ಕೊಟ್ಟರು. ತಂತಿ ಬಿಚ್ಚಿದಾಗ ಎಣ್ಣೆಯ ಕಪ್ಪಿನ ಒಳಗೆ, ಮಡಿಕೆಯ ನಡುವೆ, ನೀಲಿ ಚೌಕಳಿ ಹೊಸದರಂತೆ ಉಳಿದಿತ್ತು.

"ನನ್ನ ಸ್ಕೂಲಿನ ಲಂಗದ ಅಂಚು. ಉದ್ದ ಆಗಿತ್ತು ಅಂತ ಕತ್ತರಿಸಿದ್ದು," ಅಂದಳು. ಉಗುರಿನಿಂದ ಅದರ ಮಡಿಕೆಯನ್ನು ನೇರ ಮಾಡಿದಳು.

"ಮತ್ತೆ ನೀನೇ ಯಾಕಮ್ಮ ತೆಗೀಲಿಲ್ಲ? ಯಾರಾದ್ರೂ ವಕೀಲರ ಎದುರಿಗೆ..."

"ನಾನು ತೆಗೆದ್ರೆ ನಾನೇ ಇಟ್ಟೆ ಅಂತಾರೆ. ಆ ಹಳದಿ ಬಣ್ಣ ನಿಮ್ಮದು. ಅದನ್ನ ಒಡೆಯೋರು ನೀವೇ ಆಗ್ಬೇಕಿತ್ತು. ಯಾರ್ಡಿಂದ ಬಿಡಿಸ್ಕೊಳ್ಳೋವಾಗ ಅಲ್ಲಿನ ಅಧಿಕಾರಿ ಎದುರಿಗೇ ಫೋಟೊ ತೆಗೆದಿದ್ದೀನಿ. ಎರಡು ನಟ್ಟಿನ ಮೇಲೂ ನಿಮ್ಮ ಹೆಬ್ಬೆಟ್ಟು ಹಾಗೇ ಇದೆ."

ಮೂರು ವಾರ ತಾನು ಗಾಡಿ ರಿಪೇರಿ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಸಾಹೇಬರಿಗೆ, ತಾನು ಕಟಕಟೆಯಲ್ಲಿ ನಿಂತಿದ್ದೆ ಎಂಬುದು ಈಗ ಹೊಳೆಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಕೋರ್ಟಲ್ಲಿ ಜಡ್ಜ್ ಒಂದು ಪ್ರಶ್ನೆ ಕೇಳಿದ್ರು," ಅಂದಳು ಅವಳು. "ಎಂಜಿನ್ ಸ್ಟಾರ್ಟ್ ಮಾಡಿ ನೋಡಿದ್ರಾ ಅಂತ. ನೀವು ಹೌದು ಅಂದ್ರಿ. ನಾನು ಮೂರನೇ ಬೆಂಚಲ್ಲಿದ್ದೆ ಸಾರ್. ಅಪ್ಪ ಆಗ ನನ್ನ ಕಡೆ ತಿರುಗಿ ನೋಡಿದ್ರು. ಅಲ್ಲೀವರೆಗೂ ಅವರಿಗೆ ಧೈರ್ಯ ಇತ್ತು. ಸಾಹೇಬ್ರು ಕಿಕ್ ಹೊಡೆದಿರ್ತಾರೆ, ಸ್ಟಾರ್ಟ್ ಆಗಿರಲ್ಲ, ಅದನ್ನೇ ಹೇಳ್ತಾರೆ ಅಂತ ಕಾಯ್ತಿದ್ರು. ಆಮೇಲೆ ಬಟ್ಟೆ ವಿಷಯ ಎಷ್ಟು ಸಲ ಹೇಳಿದ್ರೂ, ಸಾಹೇಬ್ರೇ ಸ್ಟಾರ್ಟ್ ಮಾಡಿ ನೋಡಿದ್ದಾರೆ ಅಂತ ಯಾರೂ ಬಿಚ್ಚಿಸ್ಲಿಲ್ಲ."

ಸಾಹೇಬರು ಸೀಮೆಎಣ್ಣೆಯ ತಟ್ಟೆಯನ್ನು ನೋಡುತ್ತಿದ್ದರು.

"ಮಾಡಿದ್ರಾ?"

ಹನ್ನೊಂದು ವರ್ಷ ಈ ಪ್ರಶ್ನೆಯನ್ನು ಅವರು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದರು. ನಿವೃತ್ತಿಯ ದಿನ ಹಾರ ಹಾಕಿ 'ಒಂದು ತಪ್ಪು ಸಹಿ ಹಾಕದ ಮನುಷ್ಯ' ಎಂದು ಭಾಷಣ ಮಾಡಿದಾಗಲೂ ಇದೇ ನೆನಪಾಗಿತ್ತು.

"ಇಲ್ಲಮ್ಮ," ಅಂದರು. "ಮಾಡಿರ್ಲಿಲ್ಲ."

ಅವಳು ಬಟ್ಟೆಯನ್ನು ಮತ್ತೆ ಮಡಿಸತೊಡಗಿದಳು. ಸಾಹೇಬರು ತಾವೇ ಮುಂದುವರಿಸಿದರು.

"ಮಳೆ ಹನೀತಿತ್ತು. ಫಾರಂನಲ್ಲಿ ಇಪ್ಪತ್ತೆರಡು ಖಾನೆ. ಬ್ರೇಕ್ ನೋಡಿದೆ, ಲೈಟ್ ನೋಡಿದೆ, ಲೆಗ್ ಗಾರ್ಡ್ ಅಳತೆ ತಗೊಂಡೆ. ಎಂಜಿನ್ ಖಾನೆ ಬಂದಾಗ... ಪೊಲೀಸರು ಇದನ್ನ ಓಡಿಸ್ಕೊಂಡೇ ಬಂದ್ರು ಅಂತ ಗೊತ್ತಾಯ್ತು. ಓಡ್ಕೊಂಡು ಬಂದ ಗಾಡೀನ ಮತ್ತೆ ಯಾಕೆ ಒದೆಯೋದು ಅಂತ ಟಿಕ್ ಹಾಕ್ದೆ. ಆಮೇಲೆ ಕೋರ್ಟಲ್ಲಿ ಇಲ್ಲ ಅಂದ್ರೆ ವರದೀನೇ ಸುಳ್ಳಾಗ್ತಿತ್ತು. ಮರ್ಯಾದೆ ಹೋಗ್ತಿತ್ತು. ಅಷ್ಟೇ ಕಣಮ್ಮ. ಅದಕ್ಕಿಂತ ದೊಡ್ಡ ಕಾರಣ ಏನೂ ಇರ್ಲಿಲ್ಲ."

"ನಮ್ಮನೆಯಿಂದ ನಾಲ್ಕು ಜನ ತಳ್ಕೊಂಡು ಹೋದ್ರು ಸಾರ್ ಗಾಡೀನ. ಬೀದಿಯೆಲ್ಲ ನೋಡಿದೆ. ಓಡಿಸ್ಕೊಂಡು ಬಂದ್ರು ಅಂತ ಹೇಳಿದ್ಯಾರು?"

ಅವತ್ತು ಯಾರ್ಡಿಗೆ ಸಾಹೇಬರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದವನು ತಮ್ಮ. "ನಾನೇ ನೋಡ್ದೆ ಅಣ್ಣ, ಬುರ್ ಅಂತ ಓಡಿಸ್ಕೊಂಡು ಬಂದ್ರು. ಬೇಗ ಮುಗ್ಸು, ನೆನೀತಿದ್ದೀಯ" ಅಂದಿದ್ದ. ತಮ್ಮನ ಮಾತಿಗೆ ಸಾಕ್ಷಿ ಕೇಳುವುದುಂಟೇ ಯಾರಾದರೂ?

"ನನ್ನ ತಮ್ಮ," ಅಂದರು.

ಅವಳು ತಲೆಯಾಡಿಸಿದಳು, ಉತ್ತರವನ್ನು ಎಲ್ಲೋ ಜೋಪಾನವಾಗಿ ಎತ್ತಿಟ್ಟುಕೊಂಡವಳಂತೆ. ಆಮೇಲೆ ಎದ್ದು ಗಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸೊಟ್ಟ ಲೆಗ್ ಗಾರ್ಡಿನ ಮೇಲೆ ಕೈಯಾಡಿಸಿದಳು.

"ಇದು ನಮ್ಮದಲ್ಲ ಸಾರ್."

"ಏನು?"

"ನಮ್ಮ ಲೆಗ್ ಗಾರ್ಡ್ ಒಂದ್ಸಲ ಮುರಿದಿತ್ತು. ಕೆಳಗಡೆ ಅಪ್ಪನೇ ವೆಲ್ಡಿಂಗ್ ಮಾಡಿದ್ರು, ಇಷ್ಟು ದಪ್ಪ ಗಂಟು. ಇದರಲ್ಲಿ ಎಲ್ಲಿದೆ? ಗಾಡಿ ನಿಲ್ತಿದ್ದಿದ್ದು ಓಣಿ ಪಕ್ಕದ ಚಪ್ಪರದಲ್ಲಿ, ಬಾಗಿಲೂ ಇಲ್ಲ, ಬೀಗವೂ ಇಲ್ಲ. ಯಾರೋ ರಾತ್ರೋರಾತ್ರಿ ಬದಲಾಯಿಸಿದ್ದಾರೆ. ಅಪ್ಪ ಕೋರ್ಟಲ್ಲಿ ಇದನ್ನ ಹೇಳಿದಾಗ ಜನ ನಕ್ಕರು. ಇದು ಯಾರ ಗಾಡೀದು ಅಂತ ಗೊತ್ತಾದ್ರೆ ಸಾಕು. ಏನಾದ್ರೂ ಗುರುತು ಇರತ್ತಾ, ನೋಡ್ತೀರಾ?"

ಊರಿನಲ್ಲಿದ್ದ ಗಾಡಿಗಳೇ ಎರಡು. ಇದು ಅವಳಿಗೂ ಗೊತ್ತಿತ್ತು. ಆದರೂ ಅವಳು ಆ ಮಾತು ಆಡಲಿಲ್ಲ. ಪರೀಕ್ಷೆ ಮಾಡದೆ ವರದಿ ಬರೆಯುವುದು ಅವಳ ಅಭ್ಯಾಸವಲ್ಲ.

ಸಾಹೇಬರು ಬೋಲ್ಟ್ ಬಿಚ್ಚಿ ಲೆಗ್ ಗಾರ್ಡನ್ನು ಮೇಜಿನ ಮೇಲೆ ಮಲಗಿಸಿದರು. ತುಕ್ಕು ಉಜ್ಜಲು ಎಮರಿ ಪೇಪರನ್ನು ಸೀಮೆಎಣ್ಣೆಯಲ್ಲಿ ಅದ್ದಿದರು. ಕೈ ಕೆಲಸ ಮಾಡುತ್ತಿದ್ದರೂ ತಲೆ ಬೇರೆಲ್ಲೋ ಇತ್ತು. ಮೂರು ವಾರದಲ್ಲಿ ತಮ್ಮ ಎರಡು ಸಲ ಬಂದಿದ್ದ. ಮೊದಲ ಸಲ, "ಈ ಕಬ್ಬಿಣ ಯಾಕಣ್ಣ, ಗುಜರಿಗೆ ಹಾಕು" ಅಂದಿದ್ದ. ಎರಡನೇ ಸಲ, "ಆ ಸೊಟ್ಟ ಲೆಗ್ ಗಾರ್ಡ್ ಬಿಸಾಕು, ಹೊಸದು ನಾನೇ ತಂದ್ಕೊಡ್ತೀನಿ" ಅಂದಿದ್ದ. ಎಂಥಾ ಅಕ್ಕರೆ ಎಂದುಕೊಂಡಿದ್ದರು ಸಾಹೇಬರು.

ಕೂರಿಸುವ ಪಟ್ಟಿಯ ಒಳಮಗ್ಗುಲಿನಲ್ಲಿ ತುಕ್ಕು ಬಿಟ್ಟಿತು. ಅಡಿಯಲ್ಲಿ ಎರಡು ಚುಕ್ಕೆ. ಮೇಲೊಂದು, ಕೆಳಗೊಂದು, ಸ್ವಲ್ಪ ಓರೆ.

ಎಮರಿ ಪೇಪರ್ ನಿಂತಿತು.

ಅವರಪ್ಪ ಲೇತ್ ಕೆಲಸದವರು. ಯಾವ ಭಾಗ ಬಿಚ್ಚಿದರೂ ಮೊದಲು ಪಂಚ್ ಇಟ್ಟು ಗುರುತು ಹಾಕಿ ಆಮೇಲೆ ಬಿಚ್ಚಬೇಕು ಎಂದು ಹೊಡೆದು ಕಲಿಸಿದ್ದರು. ಸಾಹೇಬರ ಗುರುತು ಎರಡು ಚುಕ್ಕೆ. ಎಡಗೈಯಲ್ಲಿ ಸುತ್ತಿಗೆ ಹಿಡಿಯುವವರಾದ್ದರಿಂದ ಅದು ಯಾವಾಗಲೂ ಓರೆ. ಈ ಮಾದರಿಯ ಗಾಡಿಯನ್ನು ಅವರು ಇದಕ್ಕೆ ಮೊದಲು ಬಿಚ್ಚಿದ್ದು ಒಂದೇ ಸಲ, ಇದೇ ಶೆಡ್ಡಿನಲ್ಲಿ, ಆ ಅಪಘಾತಕ್ಕೆ ಮುಂಚಿನ ಬೇಸಿಗೆಯಿಡೀ ಕೂತು ತಮ್ಮನ ಗಾಡಿಯನ್ನು ಹೊಸದು ಮಾಡಿಕೊಟ್ಟಾಗ. ಮಗ ಪಕ್ಕದಲ್ಲಿ ಕೂತು ನಟ್ಟು ಎತ್ತಿಕೊಡುತ್ತಿದ್ದ. ಮುಗಿದ ದಿನ ಚಿಕ್ಕಪ್ಪನೇ ಅವನಿಗೆ ಓಡಿಸುವುದನ್ನೂ ಕಲಿಸಿದ್ದ. ಅಂಥ ಸಂತೋಷದ ಬೇಸಿಗೆ ಆ ಮನೆಗೆ ಮತ್ತೆ ಬಂದಿರಲಿಲ್ಲ.

"ಗುರುತು ಇದೆಯಾ ಸಾರ್?"

ಅಂದು ಕೋರ್ಟಿನಲ್ಲಿ ಕೇಳಿದ ಅದೇ ದನಿ, ಅದೇ ಪ್ರಶ್ನೆ ಅನ್ನಿಸಿತು. ಇಲ್ಲ ಅಂದರೆ ಮುಗಿಯಿತು. ಎಮರಿ ಪೇಪರನ್ನು ಇನ್ನು ನಾಲ್ಕು ಸಲ ಜೋರಾಗಿ ಎಳೆದರೆ ಚುಕ್ಕೆಯೂ ಇರುವುದಿಲ್ಲ. ಬಟ್ಟೆಯೊಂದೇ ಸಾಕು ಫಿಟ್ಟರ್ ನಿರ್ದೋಷಿ ಎನ್ನಲು, ಒಡಹುಟ್ಟಿದವನನ್ನು ಯಾಕೆ ಎಳೆಯಬೇಕು? ಸಾಹೇಬರು ಹೀಗೆಲ್ಲ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದರು. ಎಮರಿ ಪೇಪರನ್ನು ಬಿಗಿಯಾಗಿ ಹಿಡಿದೂ ಹಿಡಿದರು.

ಆಮೇಲೆ ಅದನ್ನು ಕೆಳಗಿಟ್ಟರು.

"ಇದೆ," ಅಂದರು. "ನನ್ನದೇ ಗುರುತು. ಇದು ನನ್ನ ತಮ್ಮನ ಗಾಡೀದು."

ಬಾಗಿಲಲ್ಲಿ ಏನೋ ಖಣ್ ಎಂದಿತು.

ತಮ್ಮ ನಿಂತಿದ್ದ. ಕೈಯಲ್ಲಿದ್ದ ಕಾಗದ ಸುತ್ತಿದ ಕಟ್ಟು ಜಾರಿ ಮೆಟ್ಟಿಲಿಗೆ ಬಡಿದಿತ್ತು, ಕಾಗದ ಹರಿದು ಒಳಗಿನ ಹೊಸ ಲೆಗ್ ಗಾರ್ಡ್ ಫಳಫಳ ಹೊಳೆಯುತ್ತಿತ್ತು. ಅವನು ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನೀನಾ?" ಅಂದರು ಸಾಹೇಬರು. "ಬದಲಾಯಿಸಿದ್ದು ನೀನಾ?"

"ಹೂಂ."

"ಕೊಡೆ ಹಿಡ್ಕೊಂಡು ನಿಂತು ನನಗೆ ಸುಳ್ಳು ಹೇಳಿದ್ದೂ?"

"ಹೂಂ ಅಣ್ಣ."

"ಆ ಮನುಷ್ಯ ಹನ್ನೊಂದು ವರ್ಷ ಒಳಗಿದ್ದ ಕಣೋ! ಓವರ್‌ಸಿಯರಿಗೂ ನಿನಗೂ ಏನಿತ್ತು? ಪೈಪಿನ ಬಿಲ್ಲು ತಡೆ ಹಿಡಿದ ಅಂತ ಕೊಂದ್ಯಾ?"

"ನಾನು ಕೊಲ್ಲಲಿಲ್ಲ." ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡ. ಐವತ್ತೈದರ ಗಟ್ಟಿಮುಟ್ಟಾದ ಆಳು, ಒಂದೇ ಕ್ಷಣದಲ್ಲಿ ಕುಗ್ಗಿಹೋದಂತೆ ಕಂಡ. "ಆ ಶುಕ್ರವಾರ ಗಾಡಿ ನನ್ನ ಹತ್ರ ಇರ್ಲಿಲ್ಲ ಅಣ್ಣ."

"ಮತ್ತೆ ಯಾರ ಹತ್ರ ಇತ್ತು?"

ತಮ್ಮ ಫಿಟ್ಟರ್‌ನ ಮಗಳನ್ನು ನೋಡಿದ. ಆಮೇಲೆ ಹಿಂದಕ್ಕೆ, ಅಡುಗೆಮನೆಯ ಕಡೆ ನೋಡಿದ.

"ಅತ್ತಿಗೇನ ಕೇಳು," ಅಂದ.

ಕೇಳಬೇಕಾಗಿ ಬರಲಿಲ್ಲ. ಸದ್ದಿಗೆ ಅವಳೇ ಹೊರಗೆ ಬಂದಿದ್ದಳು. ಮೆಟ್ಟಿಲ ಮೇಲೆ ಟೀ ಲೋಟ ಹಾಗೇ ಇತ್ತು, ಕೆನೆ ಕಟ್ಟಿತ್ತು. ಅದನ್ನು ದಾಟಿ, ಹೊಸ ಲೆಗ್ ಗಾರ್ಡನ್ನು ದಾಟಿ, ಮೂರು ವಾರದಲ್ಲಿ ಮೊದಲ ಸಲ ಶೆಡ್ಡಿನ ಒಳಗೆ ಬಂದಳು. ಗಂಡನನ್ನು ನೋಡಲಿಲ್ಲ. ನೀಲಿ ಚೌಕಳಿಯ ಬಟ್ಟೆ ಹಿಡಿದು ನಿಂತಿದ್ದ ಹುಡುಗಿಯ ಎದುರಿಗೆ ನಿಂತಳು.

"ಅವತ್ತಿಗೆ ನನ್ನ ಮಗನಿಗೆ ಹದಿನೆಂಟು ತುಂಬಿ ನಾಲ್ಕೇ ದಿನ ಆಗಿತ್ತಮ್ಮ," ಅಂದಳು.